ಉಪ್ಪಾಗೆಯ ಹುಳಿ: ಒಂದೇ ಹೆಸರಿನಲ್ಲಿ ಸಾಲುಸಾಲು ಅಣುಗಳು, ಯಾವುದನ್ನು ನಂಬಲಿ?

ಶಿರಸಿಮಳೆ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಎಂ.ಫಾರ್ಮಾ ಎರಡನೇ ವರ್ಷದಲ್ಲಿದ್ದೇನೆ. ಪಶ್ಚಿಮ ಘಟ್ಟದ ಗಿಡಮರಗಳಲ್ಲಿರುವ ಕೈರಲ್ ಅಣುಗಳನ್ನು (ಎಡಗೈ, ಬಲಗೈಯಂತೆ ತಮ್ಮ ಕನ್ನಡಿ ಬಿಂಬದ ಮೇಲೆ ಹೊಂದಿ ಕೂರದವು) ಸಾರ್ವಜನಿಕ ಡೇಟಾಬೇಸ್‌ಗಳಿಂದ ಹೆಕ್ಕಿ, ಎಟಿಪಿ ಸಿಟ್ರೇಟ್ ಲೈಯೇಸ್ ಎಂಬ ಕಿಣ್ವಕ್ಕೆ ಕಂಪ್ಯೂಟರಿನಲ್ಲಿ ಕೂರಿಸಿ ನೋಡಿ (ಇದೇ ಡಾಕಿಂಗ್), ಔಷಧವಾಗುವ ಲಕ್ಷಣ ಇರುವುದನ್ನು ಗುರುತಿಸುವುದು ನನ್ನ ಪ್ರಾಜೆಕ್ಟ್. ಈ ಕಿಣ್ವ ಜೀವಕೋಶದೊಳಗೆ ಸಿಟ್ರೇಟನ್ನು ಒಡೆದು ಕೊಬ್ಬು, ಕೊಲೆಸ್ಟೆರಾಲ್ ತಯಾರಿಗೆ ಬೇಕಾದ ಕಚ್ಚಾವಸ್ತು ಒದಗಿಸುತ್ತದೆ.

ಮೊದಲು ತೆಗೆದುಕೊಂಡಿದ್ದು ಉಪ್ಪಾಗೆ. ನಮ್ಮ ಬೆಟ್ಟದಲ್ಲಿ ಏಳೆಂಟು ಮರ ಇವೆ. ಹಣ್ಣಾಗುವುದು ಜಡಿಮಳೆಯಲ್ಲಿ, ಬಿಸಿಲೇ ಇರುವುದಿಲ್ಲ, ಹಾಗಾಗಿ ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಹಾಕಿ ಕಪ್ಪಗಾಗುವವರೆಗೆ ಒಣಗಿಸುತ್ತೇವೆ, ಬೀಜದಿಂದ ತುಪ್ಪ ತೆಗೆಯುತ್ತೇವೆ. ಆ ಸಿಪ್ಪೆಯ ಹುಳಿಯೇ ಹೈಡ್ರಾಕ್ಸಿಸಿಟ್ರಿಕ್ ಆಮ್ಲ.

ತೊಂದರೆ ಇಲ್ಲಿದೆ. ಪಬ್‌ಕೆಮ್ ಎಂಬ ಅಣುಗಳ ಡೇಟಾಬೇಸ್‌ನಲ್ಲಿ ಈ ಹೆಸರು ಹಾಕಿದರೆ ಒಂದು ಅಣು ಬರುವುದಿಲ್ಲ, ಸಾಲೇ ಬರುತ್ತದೆ. ಒಂದರ ಚಿತ್ರದಲ್ಲಿ ಕೊಂಡಿಗಳೆಲ್ಲ ಬರೀ ಗೆರೆ. ಇನ್ನೊಂದರಲ್ಲಿ ಕಪ್ಪು ಬೆಣೆ (ನಮ್ಮ ಕಡೆ ಚಾಚಿದ ಕೊಂಡಿ), ಗೀರುಗೀರಿನ ಬೆಣೆ (ಹಿಂದಕ್ಕೆ ಚಾಚಿದ ಕೊಂಡಿ). ಮತ್ತೊಂದರಲ್ಲಿ ಅವೇ ಬೆಣೆಗಳು ತಿರುಗುಮುರುಗು. ಉಂಗುರ ಮುಚ್ಚಿದ ರೂಪವಾದ ಲ್ಯಾಕ್ಟೋನ್ ಬೇರೆ, ಕ್ಯಾಲ್ಸಿಯಂ ಲವಣ ಬೇರೆ, ಪೊಟ್ಯಾಸಿಯಂ ಲವಣ ಬೇರೆ. ಹೋಲಿಕೆ ಲೆಕ್ಕ ಹಾಕಿಸಿದರೆ ಬೆಣೆ ಹೇಗಿದ್ದರೂ ಉತ್ತರ 1.0, ಅಂದರೆ ತದ್ರೂಪ. ನಾಲ್ಕು ರೂಪಗಳನ್ನೂ ಡಾಕ್ ಮಾಡಿದೆ, ಅಂಕಗಳೆಲ್ಲ ಅರ್ಧ ಕಿಲೋಕ್ಯಾಲರಿಯೊಳಗೇ ಇವೆ. ಅಂಕ ಕಡಿಮೆಯಾದಷ್ಟೂ ಅಂಟು ಬಲ ಎಂದು ಲೆಕ್ಕ, ಅತಿ ಕಡಿಮೆ ಬಂದದ್ದನ್ನು ಆರಿಸಿ ಮುಂದೆ ಹೋಗು ಎಂದು ಗೈಡ್ ಹೇಳಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಯಾವುದನ್ನು ಹಿಡಿಯಲಿ, ಯಾಕೆ?

ಫಾರ್ಮಸಿಮೇಷ್ಟ್ರು · ಸೋಮವಾರ ರಾತ್ರಿ 10:25

ಮನಸ್ಸು ಒಪ್ಪದೇ ಇರುವುದು ಒಳ್ಳೆಯದೇ. ಡಾಕಿಂಗ್ ಆಮೇಲಾಗಲಿ, ಮೊದಲು ಒಂದು ಕಾಗದ ತೆಗೆದುಕೊಂಡು ಸಿಟ್ರಿಕ್ ಆಮ್ಲ ಬರೆಯಿರಿ, ನಿಂಬೆಹಣ್ಣಿನದು.

ನಡುವಿನ ಇಂಗಾಲಕ್ಕೆ ನಾಲ್ಕು ಕೊಂಡಿ. ಒಂದರಲ್ಲಿ ಹೈಡ್ರಾಕ್ಸಿಲ್, ಒಂದರಲ್ಲಿ ಕಾರ್ಬಾಕ್ಸಿಲ್, ಉಳಿದೆರಡು ತೋಳುಗಳು ಒಂದೇ ಥರ. ಎರಡು ತೋಳೂ ಒಂದೇ ಆದ್ದರಿಂದ ಈ ಅಣುವನ್ನು ಕನ್ನಡಿಯಲ್ಲಿ ನೋಡಿದರೆ ಬಿಂಬ ಮೂಲದ ಮೇಲೆ ಚೂರೂ ಆಚೀಚೆ ಆಗದೆ ಕೂರುತ್ತದೆ. ಎಡ, ಬಲ ಎಂಬುದೇ ಇಲ್ಲ. ಈಗ ಒಂದು ತೋಳಿನಲ್ಲಿ ಒಂದು ಹೈಡ್ರೋಜನ್ ಕಿತ್ತು ಆ ಜಾಗಕ್ಕೆ ಹೈಡ್ರಾಕ್ಸಿಲ್ ಹಾಕಿ. ಎರಡು ತೋಳು ಬೇರೆಬೇರೆ ಆದವು, ಹಾಗಾಗಿ ನಡುವಿನ ಇಂಗಾಲಕ್ಕೆ ಕೈ ಬಂತು. ಹೈಡ್ರಾಕ್ಸಿಲ್ ಹಾಕಿದ ಇಂಗಾಲಕ್ಕೂ ನಾಲ್ಕು ಬೇರೆಬೇರೆ ನೆಂಟರು, ಅದಕ್ಕೂ ಕೈ ಬಂತು. ಎರಡು ಕೇಂದ್ರ, ಒಂದೊಂದಕ್ಕೆ ಎರಡು ಸಾಧ್ಯತೆ, ಒಟ್ಟು ನಾಲ್ಕು ರೂಪ. ಒಂದೇ ಒಂದು ಆಮ್ಲಜನಕ ಸೇರಿದ್ದಕ್ಕೆ ಇಷ್ಟಾಯಿತು.

ಕೈರಲ್ ಎಂಬ ಪದ ಬಂದದ್ದು ಗ್ರೀಕಿನಿಂದ, ಅರ್ಥ ಕೈ. ತರಗತಿಯಲ್ಲಿ ನಾನು ಕನ್ನಡದ ಕೈಯನ್ನೇ ನೆನಪಿಟ್ಟುಕೊಳ್ಳಿ ಅನ್ನುತ್ತಿದ್ದೆ. ಎರಡು ಭಾಷೆಗಳ ಈ ಹೋಲಿಕೆ ಬರೀ ಆಕಸ್ಮಿಕ, ಆದರೆ ಒಮ್ಮೆ ಹೇಳಿದರೆ ಮಕ್ಕಳು ಮರೆಯುತ್ತಿರಲಿಲ್ಲ.

ವ್ಯತ್ಯಾಸ ಎಷ್ಟು ನಿಜ ಎಂದು ತಿಳಿಯಬೇಕಾದರೆ ಅಡುಗೆಮನೆಗೆ ಹೋಗಿ. ಸಬ್ಬಸಿಗೆ ಬೀಜದ ಎಣ್ಣೆಯಲ್ಲೂ ಸ್ಪಿಯರ್‌ಮಿಂಟ್ ಪುದೀನದ ಎಣ್ಣೆಯಲ್ಲೂ ಇರುವುದು ಕಾರ್ವೋನ್ ಎಂಬ ಒಂದೇ ಅಣು. ಎರಡು ಕೈಗಳನ್ನು ಆರ್, ಎಸ್ ಎಂದು ಕರೆಯುತ್ತೇವೆ, ಸಬ್ಬಸಿಗೆಯದು ಎಸ್, ಪುದೀನದ್ದು ಆರ್. ಕೊಂಡಿಗಳ ಲೆಕ್ಕದಲ್ಲಿ ಕೂದಲಷ್ಟೂ ಭೇದವಿಲ್ಲ, ಆದರೂ ಮೂಗು ಕಣ್ಣು ಮುಚ್ಚಿಕೊಂಡೇ ಎರಡನ್ನೂ ಬೇರೆ ಮಾಡುತ್ತದೆ. ಮೂಗಿನ ಗ್ರಾಹಕಗಳು ಪ್ರೋಟೀನ್, ಪ್ರೋಟೀನಿಗೇ ಒಂದು ಕೈ ಇದೆ. ನಿಮ್ಮ ಕಿಣ್ವವೂ ಪ್ರೋಟೀನೇ. ಎಡಗೈ ಚೀಲದಲ್ಲಿ ಬಲಗೈ ತೂರಿಸಿದಂತಾಗುತ್ತದೆ.

ಔಷಧದಲ್ಲಿ ಇದಕ್ಕೆ ಬೆಲೆ ತೆತ್ತಿದ್ದೂ ಇದೆ. ಗರ್ಭಿಣಿಯರೂ ನುಂಗುತ್ತಿದ್ದ ನಿದ್ದೆಯ ಔಷಧ ಥಾಲಿಡೊಮೈಡ್ 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರುಕಟ್ಟೆಗೆ ಬಂತು, 1961ರ ನವೆಂಬರಿನಲ್ಲಿ ಅಲ್ಲಿ ಹಿಂತೆಗೆದರು. ಅದರಿಂದ ಲೋಕದಾದ್ಯಂತ 10,000ಕ್ಕೂ ಹೆಚ್ಚು ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದರು. ಒಂದು ಕೈಯ ಅಣುವನ್ನಷ್ಟೇ ಕೊಟ್ಟಿದ್ದರೆ ಈ ದುರಂತ ತಪ್ಪುತ್ತಿತ್ತು.

ಪೋಲಾರಿಮೀಟರ್ · ಸೋಮವಾರ ರಾತ್ರಿ 11:10

ಮೇಷ್ಟ್ರೇ, ಕೊನೆಯ ಸಾಲು ತಿದ್ದಬೇಕು. ತಪ್ಪುತ್ತಿರಲಿಲ್ಲ. ಥಾಲಿಡೊಮೈಡ್‌ನ ಆ ಇಂಗಾಲ ದೇಹದೊಳಗೆ ಕೆಲವೇ ಗಂಟೆಗಳಲ್ಲಿ ಕೈ ಬದಲಿಸುತ್ತದೆ. ಶುದ್ಧ ಆರ್ ಕೊಟ್ಟರೂ ರಕ್ತದಲ್ಲಿ ಎಸ್ ಕಾಣಿಸಿಕೊಳ್ಳುತ್ತದೆ. ಹಳೆಯ ಪಠ್ಯಪುಸ್ತಕಗಳು ಇದನ್ನು ಬಿಟ್ಟು ಕಥೆ ಹೇಳಿದವು, ಆ ಕಥೆ ಹಾಗೇ ಉಳಿಯಿತು. ಡೇಟಾಬೇಸ್‌ನಲ್ಲಿ ಹುಡುಕುವವರು ಇದನ್ನು ಮುಖ್ಯವಾಗಿ ತಿಳಿದಿರಬೇಕು. ಚಿತ್ರದಲ್ಲಿನ ಬೆಣೆ ಬಾಟಲಿಯೊಳಗಿನ ಅಣುವಿನ ಮಾತು ಹೇಳುತ್ತದೆ, ದೇಹದೊಳಗೆ ಹೋದ ಮೇಲಿನ ಮಾತನ್ನಲ್ಲ.

ಇದಕ್ಕೆ ಉಲ್ಟಾ ಉದಾಹರಣೆ ನೋವಿನ ಔಷಧ ಐಬುಪ್ರೊಫೆನ್. ಕೆಲಸ ಮಾಡುವುದು ಎಸ್ ರೂಪ. ಆದರೆ ಆರ್ ರೂಪದ ಬಹುಪಾಲನ್ನು ದೇಹವೇ ಎಸ್‌ಗೆ ತಿರುಗಿಸಿಕೊಳ್ಳುತ್ತದೆ, ಅದಕ್ಕೇ ಎರಡೂ ಬೆರೆತ ಮಾತ್ರೆಯೇ ಇಷ್ಟು ವರ್ಷ ಓಡುತ್ತಿದೆ.

ಫಾರ್ಮಸಿಮೇಷ್ಟ್ರು · ಸೋಮವಾರ ರಾತ್ರಿ 11:22

ಒಪ್ಪಿದೆ. ನಾನು ಕಲಿತದ್ದನ್ನೇ ಕಲಿಸಿದೆ, ತಿದ್ದಿದ್ದಕ್ಕೆ ಧನ್ಯವಾದ. ಹಾಗಾದರೆ ಡೆಕ್ಸ್ಟ್ರೋಮೆಥಾರ್ಫನ್ ಉದಾಹರಣೆ ಇಟ್ಟುಕೊಳ್ಳೋಣ. ಅದು ಕೆಮ್ಮಿನ ಸಿರಪ್ಪಿನಲ್ಲಿರುವ ಔಷಧ. ಅದರ ಕನ್ನಡಿ ಬಿಂಬ ಲೆವೊಮೆಥಾರ್ಫನ್, ಅಫೀಮಿನ ಗುಂಪಿನ ಪ್ರಬಲ ಮಾದಕ. ಇವೆರಡು ದೇಹದೊಳಗೆ ಒಂದಕ್ಕೊಂದು ಬದಲಾಗುವುದಿಲ್ಲ.

ಕಲಬುರಗಿಕೆಮಿಸ್ಟ್ · ಮಂಗಳವಾರ ಬೆಳಿಗ್ಗೆ 7:15

ನಮಸ್ಕಾರ್ರಿ. ಒಂದು ಮಾತು ಸೇರಸ್ತೀನಿ. ನಮ್ಮ ಕಡೆ ಪುಂಡಿಪಲ್ಯ ಇಲ್ದ ಊಟ ಅಂದ್ರ ಊಟನೇ ಅಲ್ಲ. ಆ ಪುಂಡಿ ಬಳಗದಾಗಿನ ಕೆಂಪು ಹೂಪುಟದ ಗಿಡ, ಹೈಬಿಸ್ಕಸ್ ಸಬ್ಡಾರಿಫಾ, ಅದರ ಹೂಪುಟದಾಗೂ ಹೈಡ್ರಾಕ್ಸಿಸಿಟ್ರಿಕ್ ಆಮ್ಲನೇ ಇರೋದು. ಆದ್ರ ನಿಮ್ಮ ಉಪ್ಪಾಗೇದ್ದಲ್ಲ! ಉಪ್ಪಾಗೇದು 2ಎಸ್,3ಎಸ್ (ಅಂಕಿ ಯಾವ ಇಂಗಾಲ ಅಂತ, ಅಕ್ಷರ ಅದರ ಕೈ ಯಾವ್ದು ಅಂತ). ಪುಂಡೀದು 2ಎಸ್,3ಆರ್, ಅದರ ಲ್ಯಾಕ್ಟೋನಿಗೆ ಹೈಬಿಸ್ಕಸ್ ಆಮ್ಲ ಅಂತಾರ. ಒಂದು ಕೇಂದ್ರ ಹಂಗೇ, ಇನ್ನೊಂದು ತಿರುಗೇತಿ. ಅಂದ್ರ ಕನ್ನಡಿ ಬಿಂಬನೂ ಅಲ್ಲ, ಡಯಾಸ್ಟೀರಿಯೋಮರ್. ಕರಗೋದು, ಕುದಿಯೋದು, ಹರಳಾಗೋದು ಎಲ್ಲಾ ಬ್ಯಾರೇನೇ.

ಘಟ್ಟದ ಹುಳಿ, ಬಯಲಸೀಮೆ ಹುಳಿ, ಎರಡಕ್ಕೂ ಡೇಟಾಬೇಸ್‌ನಾಗ ಒಂದೇ ಹೆಸರು. ಬರೀ ಹೆಸರು ಹಾಕಿ ಹುಡುಕಿದ್ರ ಎರಡೂ ಬೆರೀತಾವು. ಗಿಡದ ಹೆಸರು ಬರಕೊಳ್ರಿ ಮೊದ್ಲ.

ಕೋಡ್‌ಕಡ್ಡಿ · ಮಂಗಳವಾರ ಬೆಳಿಗ್ಗೆ 9:05

ಹುಡುಕುವ ಕೆಲಸ ನನ್ನ ದಿನನಿತ್ಯದ್ದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹೆಸರಿನಿಂದ ಹುಡುಕುವುದನ್ನು ಬಿಟ್ಟುಬಿಡಿ. ನಿಮ್ಮ ಆಮ್ಲವನ್ನೇ ನೋಡಿ. ಹಳೆಯ ಪ್ರಬಂಧಗಳಲ್ಲಿ ‘2ಎಸ್,3ಎಸ್’. ಪಬ್‌ಕೆಮ್ ಕೊಡುವ ಐಯುಪಿಎಸಿ (ಅಂತರರಾಷ್ಟ್ರೀಯ ನಿಯಮದ) ಹೆಸರಿನಲ್ಲಿ ತೆರೆದ ಆಮ್ಲ ‘1ಎಸ್,2ಎಸ್’. ಇಂಗಾಲಗಳನ್ನು ಎಣಿಸಲು ಶುರು ಮಾಡಿದ ತುದಿ ಬೇರೆ, ಅಣು ಅದೇ. ಇದು ಗೊತ್ತಿಲ್ಲದೆ ಎರಡನ್ನೂ ಬೇರೆ ಅಣು ಎಂದು ಪಟ್ಟಿಗೆ ಸೇರಿಸಿದವರನ್ನು ನೋಡಿದ್ದೇನೆ. ಮೈನಸ್, ಪ್ಲಸ್ ಚಿಹ್ನೆ ಇನ್ನೊಂದು ಕಥೆ. ಅದು ಬೆಳಕನ್ನು ಯಾವ ಕಡೆ ತಿರುಗಿಸುತ್ತದೆ ಎಂದು ಅಳೆದು ಬರೆದದ್ದು. ಆರ್, ಎಸ್ ಎಂಬುದು ರಚನೆ ನೋಡಿ ನಿಯಮದ ಪ್ರಕಾರ ಕೊಟ್ಟ ಪಟ್ಟ. ಒಂದರಿಂದ ಇನ್ನೊಂದನ್ನು ಊಹಿಸಲಾಗದು. ಆ ಪಟ್ಟವೂ ಆಕಾರಕ್ಕಿಂತ ಅಕ್ಕಪಕ್ಕದ ಪರಮಾಣುಗಳ ಪರಮಾಣು ಸಂಖ್ಯೆಯ ಮಾತು ಕೇಳುತ್ತದೆ. ನಮ್ಮ ಪ್ರೋಟೀನುಗಳ ಎಡಗೈ ಅಮೈನೊ ಆಮ್ಲಗಳಿಗೆಲ್ಲ ಎಸ್ ಎಂಬ ಪಟ್ಟ, ಸಿಸ್ಟೀನಿಗೆ ಮಾತ್ರ ಆರ್. ಅದರಲ್ಲಿ ಗಂಧಕ ಇದೆ, ಅಷ್ಟೇ ಕಾರಣ. ಆಕಾರದಲ್ಲಿ ಅದೂ ಎಡಗೈಯದೇ.

ಹಾಗಾದರೆ ಯಾವುದರಿಂದ ಹುಡುಕಬೇಕು? ಇನ್‌ಚಿಕೀ, ಅಂದರೆ ಅಣುವಿನ ರಚನೆಯಿಂದಲೇ ತಯಾರಾಗುವ ಗುರುತಿನ ಸಂಕೇತ. ನಡುವಿನ ಗೆರೆಗಳೂ ಸೇರಿ 27 ಅಕ್ಷರ. ಮೊದಲ 14 ಅಕ್ಷರ ಯಾವ ಪರಮಾಣು ಯಾವುದಕ್ಕೆ ಅಂಟಿದೆ ಎಂಬುದರ ಮೊಹರು. ಕೈ ಯಾವುದಾದರೂ ಈ 14 ಬದಲಾಗುವುದಿಲ್ಲ. ಎರಡನೆಯ ತುಂಡಿನಲ್ಲಿ ಕೈಯ ಮೊಹರಿದೆ. ಪಬ್‌ಕೆಮ್‌ನಲ್ಲಿ ಮೊದಲ 14ನ್ನಷ್ಟೇ ಹಾಕಿ ಹುಡುಕಿ, ಅಣ್ಣತಮ್ಮಂದಿರೆಲ್ಲ ಒಟ್ಟಿಗೆ ಬರುತ್ತಾರೆ. ಆಮೇಲೆ ಎರಡನೆಯ ತುಂಡು ನೋಡಿ. ಅದು ‘ಯು ಎಚ್ ಎಫ್ ಎಫ್ ಎಫ್ ಎ ಒ ವೈ’ ಎಂದು ಶುರುವಾದರೆ ಆ ದಾಖಲೆಯಲ್ಲಿ ಕೈಯ ಮಾಹಿತಿ ಇಲ್ಲವೇ ಇಲ್ಲ. ಖಾಲಿ ಜಾಗದ ಮೊಹರು ಅದು. ನನಗೀಗ ಈ ಎಂಟು ಅಕ್ಷರ ಕಂಡರೆ ಸಾಕು, ಕೈ ತಾನಾಗಿ ನಿಲ್ಲುತ್ತದೆ.

ಅಣುವನ್ನು ಅಕ್ಷರಗಳಲ್ಲಿ ಬರೆಯುವ ಸ್ಮೈಲ್ಸ್ ಸಾಲಿನಲ್ಲಾದರೆ @ ಗುರುತು ನೋಡಿ. ಮೊದಲ ನೆಂಟನ ಕಡೆಯಿಂದ ನಿಂತು ನೋಡಿದಾಗ ಉಳಿದವು ಅಪ್ರದಕ್ಷಿಣೆಯಾಗಿ ಬಂದರೆ ಒಂದು @, ಪ್ರದಕ್ಷಿಣೆಯಾಗಿ ಬಂದರೆ @@. ಇದನ್ನು ಆರ್, ಎಸ್ ಎಂದು ಓದಬೇಡಿ. ಸಾಲನ್ನು ಬೇರೆ ತುದಿಯಿಂದ ಬರೆದರೆ ಅದೇ ಅಣುವಿಗೆ ಗುರುತು ಬದಲಾಗಬಹುದು.

ನಿಮ್ಮ 1.0 ಬಂದ ಕಾರಣ ಈಗ. ಹೋಲಿಕೆ ಲೆಕ್ಕ ಹಾಕುವಾಗ ಅಣುವನ್ನು ಬೆರಳಚ್ಚಾಗಿ ಮಾಡುತ್ತೇವಲ್ಲ, ಆರ್‌ಡಿಕಿಟ್ ತಂತ್ರಾಂಶದ ಮಾರ್ಗನ್ ಬೆರಳಚ್ಚಿನಲ್ಲಿ ಕೈರಾಲಿಟಿ ಸೇರಿಸುವ ಆಯ್ಕೆ ತಾನಾಗಿ ಆಫ್ ಇರುತ್ತದೆ. ಎಡಗೈ, ಬಲಗೈ ಎರಡರದ್ದೂ ಒಂದೇ ಬೆರಳಚ್ಚು. ಆನ್ ಮಾಡಿ ಮತ್ತೆ ಲೆಕ್ಕ ಹಾಕಿ, 1.0 ಒಡೆಯುತ್ತದೆ. ಪಬ್‌ಕೆಮ್‌ನ ಸ್ವಂತ 881 ಬಿಟ್‌ಗಳ ಬೆರಳಚ್ಚೂ ಕೈಯನ್ನು ನೋಡುವುದಿಲ್ಲ.

ಕೊನೆಯದಾಗಿ, ಬರೀ ಗೆರೆಗಳಿದ್ದ ಆ ದಾಖಲೆಯನ್ನು ನೇರವಾಗಿ ಡಾಕಿಂಗ್‌ಗೆ ಕೊಟ್ಟಿದ್ದೀರಾ? ಕೊಟ್ಟಿದ್ದರೆ ಮೂರು ಆಯಾಮಕ್ಕೆ ತಿರುಗಿಸುವ ತಂತ್ರಾಂಶ ತನಗೆ ತೋಚಿದ ಒಂದು ಕೈಯನ್ನು ಹಾಕಿಬಿಟ್ಟಿರುತ್ತದೆ, ನಿಮಗೆ ಹೇಳದೆ. ಡಾಕಿಂಗ್ ತಂತ್ರಾಂಶ ಕೊಂಡಿ ತಿರುಗಿಸುತ್ತದೆ, ಕೈ ಬದಲಿಸುವುದಿಲ್ಲ. ಹಾಗಾಗಿ ಮೊದಲು ಸಾಧ್ಯವಿರುವ ರೂಪಗಳನ್ನೆಲ್ಲ ಬಿಡಿಸಿ ಬರೆದು, ಒಂದೊಂದಕ್ಕೂ ಹೆಸರು ಕೊಟ್ಟೇ ಒಳಗೆ ಬಿಡಬೇಕು.

ಶಿರಸಿಮಳೆ · ಮಂಗಳವಾರ ಮಧ್ಯಾಹ್ನ 1:30

ಕೊಟ್ಟಿದ್ದೆ. ಈಗಷ್ಟೇ ಆ ಫೈಲ್ ತೆರೆದು ನೋಡಿದೆ. ನಾಲ್ಕು ರೂಪ ಡಾಕ್ ಮಾಡಿದೆ ಎಂದುಕೊಂಡಿದ್ದೆ, ನಿಜಕ್ಕೂ ಮಾಡಿದ್ದು ಮೂರು. ಗೆರೆಯ ದಾಖಲೆಗೆ ತಂತ್ರಾಂಶ ಹಾಕಿದ ಕೈ ಮತ್ತು ನಾನು ಹಾಕಿದ ಇನ್ನೊಂದರ ಕೈ ಒಂದೇ. ಅವೆರಡರ ಅಂಕದಲ್ಲೂ ವ್ಯತ್ಯಾಸ ಬಂದಿತ್ತು! ಒಂದೇ ಅಣುವಿಗೆ ಎರಡು ಅಂಕ.

14 ಅಕ್ಷರದಿಂದ ಹುಡುಕಿದೆ, ಅಣ್ಣತಮ್ಮಂದಿರು ಬಂದರು. ಆದರೆ ಲ್ಯಾಕ್ಟೋನ್ ಬರಲಿಲ್ಲ.

ಕೋಡ್‌ಕಡ್ಡಿ · ಮಂಗಳವಾರ ಮಧ್ಯಾಹ್ನ 1:52

ಬರುವುದಿಲ್ಲ. ಲ್ಯಾಕ್ಟೋನ್ ಆಗುವಾಗ ಒಂದು ನೀರಿನ ಅಣು ಹೊರಗೆ ಹೋಗಿ ಉಂಗುರ ಮುಚ್ಚುತ್ತದೆ. ಅಂಟಿಕೊಂಡ ಬಗೆಯೇ ಬದಲಾದ್ದರಿಂದ ಮೊದಲ 14 ಕೂಡ ಬದಲಾಗುತ್ತದೆ. ಹೈಡ್ರಾಕ್ಸಿಸಿಟ್ರಿಕ್‌ನಂಥ ಆಮ್ಲಕ್ಕೆ ಎರಡು ಹುಡುಕಾಟ ಬೇಕೇ ಬೇಕು, ತೆರೆದದ್ದಕ್ಕೆ ಒಂದು, ಮುಚ್ಚಿದ್ದಕ್ಕೆ ಒಂದು. ಲವಣಗಳಿಗೆ ಮೂರನೆಯದು. ಒಂದು ಸಮಾಧಾನ ಎಂದರೆ ಈ ಆಮ್ಲದಲ್ಲಿ ಉಂಗುರ ಮುಚ್ಚಿದರೂ ಎಸ್ ಎಸ್ ಆಗಿಯೇ ಉಳಿಯುತ್ತದೆ, ನಾನು ಕೈಯಲ್ಲೇ ಬರೆದು ನೋಡಿದೆ. ಎಲ್ಲ ಅಣುಗಳೂ ಹೀಗೆ ನಡೆದುಕೊಳ್ಳುವುದಿಲ್ಲ.

ಅಂದಹಾಗೆ ಚೆನ್ನೈನ ಗಣಿತ ವಿಜ್ಞಾನಗಳ ಸಂಸ್ಥೆಯವರ ಇಂಪ್ಯಾಟ್ ನೋಡಿದ್ದೀರಾ? ಅದರ ಎರಡನೇ ಆವೃತ್ತಿಯಲ್ಲಿ 4,010 ಭಾರತೀಯ ಔಷಧೀಯ ಸಸ್ಯಗಳು, 17,967 ಸಸ್ಯ ರಾಸಾಯನಿಕಗಳು ಇವೆ, ಗಿಡದ ಯಾವ ಭಾಗದ್ದು ಎಂಬುದೂ ಇದೆ. ಕೈಯ ಭೇದವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕಟ್ಟಿದ ಸಂಗ್ರಹ. ಕಲಬುರಗಿಯವರು ಹೇಳಿದ ‘ಗಿಡದ ಹೆಸರು ಮೊದಲು’ ಎಂಬ ದಾರಿಗೆ ಇದೇ ಸರಿಯಾದ ಬಾಗಿಲು.

ಪೋಲಾರಿಮೀಟರ್ · ಮಂಗಳವಾರ ರಾತ್ರಿ 8:45

ಕೆಲಸ ಮುಗಿಸಿ ಈಗ ಕೂತೆ. ನನ್ನ ಮಾತು ಪೂರ್ತಿ ಬೇರೆ ದಿಕ್ಕಿನದು.

ದಾಖಲೆಯಲ್ಲಿ ಕೈ ಬರೆದಿದೆ ಎಂದ ಮಾತ್ರಕ್ಕೆ ಯಾರೋ ಅದನ್ನು ಅಳೆದಿದ್ದಾರೆ ಎಂದು ಅರ್ಥವಲ್ಲ. ಕೆಲವು ವರ್ಷಗಳ ಹಿಂದೆ ನಾನಿದ್ದ ತಂಡದಲ್ಲಿ ಡೇಟಾಬೇಸ್ ಹುಡುಕಾಟದಿಂದ ಒಂದು ಅಣು ಮೇಲೆ ಬಂತು, ಎಸ್ ರೂಪ, ಒಳ್ಳೆಯ ಚಟುವಟಿಕೆ. ಒಬ್ಬ ಸರಬರಾಜುದಾರನಿಂದ ತರಿಸಿದೆವು. ಲೇಬಲ್ ಮೇಲೆ ಎಸ್, ಜೊತೆಗೆ ಬಂದ ಪ್ರಮಾಣಪತ್ರದಲ್ಲಿ ಶುದ್ಧತೆ ಚೆನ್ನಾಗಿಯೇ ಇತ್ತು. ಪ್ರಯೋಗದಲ್ಲಿ ಚಟುವಟಿಕೆ ಅರ್ಧಕ್ಕರ್ಧ ಇಳಿಯಿತು. ಮೂರು ವಾರ ಕೋಶಗಳನ್ನು ಅನುಮಾನಿಸಿದೆವು, ದ್ರಾವಕವನ್ನು ಅನುಮಾನಿಸಿದೆವು, ಪಿಪೆಟ್ ಹಿಡಿದ ಹುಡುಗಿಯನ್ನು ಸುಮ್ಮನೆ ಅನುಮಾನಿಸಿದೆವು. ಕೊನೆಗೆ ಒಂದು ಸಂಜೆ ಮೂಲೆಯಲ್ಲಿದ್ದ ಪೋಲಾರಿಮೀಟರಿನಲ್ಲಿ (ಬೆಳಕಿನ ತಿರುವು ಅಳೆಯುವ ಉಪಕರಣ) ಇಟ್ಟು ನೋಡಿದೆ. ಸೊನ್ನೆ. ಕೊಳವೆ ತೊಳೆದು ಮತ್ತೆ ಇಟ್ಟೆ. ಸೊನ್ನೆಯೇ. ಬಾಟಲಿಯಲ್ಲಿದ್ದದ್ದು ಎರಡೂ ಕೈ ಸಮಸಮ ಬೆರೆತ ರೇಸಿಮೇಟ್. ಪ್ರಮಾಣಪತ್ರದ ಶುದ್ಧತೆ ಸುಳ್ಳಲ್ಲ. ಬೆರೆತದ್ದನ್ನು ಬೇರ್ಪಡಿಸಿ ಶುದ್ಧತೆ ನೋಡುವ ಸಾಮಾನ್ಯ ಎಚ್‌ಪಿಎಲ್‌ಸಿ ಕಂಬಕ್ಕೆ ಎಡಗೈ ಬಲಗೈ ಗೊತ್ತಾಗುವುದಿಲ್ಲ, ಕೈರಲ್ ಕಂಬವೇ ಬೇಕು. ಆ ಹುಡುಗಿಯ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಈ ಹೆಸರು ಇಟ್ಟುಕೊಂಡದ್ದು ಆಮೇಲೆ.

ಹಾಗಾಗಿ ಅಣುಗಳ ಚಟುವಟಿಕೆಯ ಡೇಟಾಬೇಸ್ ಆದ ಚೆಂಬ್ಲ್ ನೋಡುವಾಗ ಎರಡು ಕೆಲಸ ಮಾಡಿ. ಔಷಧಗಳಿಗೆ ಅಲ್ಲಿ ಕೈರಾಲಿಟಿ ಎಂಬ ಕಾಲಂ ಇದೆ. 0 ಎಂದರೆ ರೇಸಿಮೇಟ್, 1 ಎಂದರೆ ಒಂದೇ ರೂಪ, 2 ಎಂದರೆ ಕೈಯೇ ಇಲ್ಲದ ಅಣು, ಮೈನಸ್ 1 ಎಂದರೆ ಗೊತ್ತಿಲ್ಲ. ಈ ‘ಗೊತ್ತಿಲ್ಲ’ವನ್ನೂ ‘ರೇಸಿಮೇಟ್’ಅನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಎರಡನೆಯದಾಗಿ, ಚಟುವಟಿಕೆಯ ಅಂಕೆ ಇಷ್ಟವಾದರೆ ಅದರ ಮೂಲ ಪ್ರಬಂಧದ ಪ್ರಯೋಗ ವಿಭಾಗ ತೆರೆಯಿರಿ. ಅಲ್ಲಿ ಬೆಳಕಿನ ತಿರುವು, ಕೈರಲ್ ಕಂಬದ ಫಲಿತಾಂಶ, ಸ್ಫಟಿಕ ರಚನೆ, ಇವುಗಳಲ್ಲಿ ಒಂದಾದರೂ ಇರಬೇಕು. ಮೂರೂ ಇಲ್ಲದಿದ್ದರೆ ಆ ಬೆಣೆ ಬರೆದವರ ನಂಬಿಕೆ ಅಷ್ಟೇ.

ಇನ್ನೊಂದು. ಕೈ ಇಂಗಾಲದಲ್ಲೇ ಇರಬೇಕೆಂದಿಲ್ಲ. ಹೊಟ್ಟೆಯ ಆಮ್ಲ ತಗ್ಗಿಸುವ ಒಮೆಪ್ರಜೋಲ್‌ನಲ್ಲಿ ಅದು ಗಂಧಕದ ಮೇಲಿದೆ, ಎಸೊಮೆಪ್ರಜೋಲ್ ಅದರ ಎಸ್ ರೂಪ. 2021ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಶ್ವಾಸಕೋಶ ಕ್ಯಾನ್ಸರ್ ಔಷಧ ಸೊಟೊರಾಸಿಬ್‌ನಲ್ಲಿ ಎರಡು ಉಂಗುರಗಳ ನಡುವಿನ ಕೊಂಡಿ ತಿರುಗಲಾರದೆ ಸಿಕ್ಕಿಕೊಂಡು ಕೈ ಹುಟ್ಟಿದೆ. ಮಾಮೂಲಿ ಸ್ಮೈಲ್ಸ್ ಸಾಲಿನಲ್ಲಿ ಅದನ್ನು ಬರೆಯಲು ಗುರುತೇ ಇಲ್ಲ. ಉಪ್ಪಾಗೆಗೆ ಇದು ಬೇಕಿಲ್ಲ, ಪಟ್ಟಿ ಬೆಳೆದಾಗ ನೆನಪಾಗಲಿ.

ದೂರದಕುಮಟಾ · ಬುಧವಾರ ಬೆಳಗಿನ ಜಾವ 3:20

ಇಲ್ಲಿ ಕೆನಡಾದಲ್ಲಿ ಸಂಜೆ. ಉಪ್ಪಾಗೆ ಎಂಬ ಪದ ಕಂಡು ಒಳಗೆ ಬಂದೆ. ಪ್ರೋಟೀನ್ ಸ್ಫಟಿಕಗಳ ಕೆಲಸ ಮಾಡುತ್ತೇನೆ.

ಮೊದಲು ಒಂದು ಊರಿನ ಸುದ್ದಿ. ಉಪ್ಪಾಗೆಯ ಮುಖ್ಯ ಹುಳಿ ಮೈನಸ್ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ತೋರಿಸಿದವರು ಲೂಯಿಸ್ ಮತ್ತು ನೀಲಕಂಠನ್, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ. ಅದಕ್ಕೂ ಮೊದಲು ಅದನ್ನು ಟಾರ್ಟಾರಿಕ್, ಸಿಟ್ರಿಕ್ ಎಂದೆಲ್ಲ ತಪ್ಪಾಗಿ ಗುರುತಿಸಿದ್ದರು. ಕೊಡಗಿನ ಕಾಚಂಪುಳಿ, ಕೇರಳದವರು ಮೀನಿಗೆ ಹಾಕುವ ಕುಡಂಪುಳಿ, ನಮ್ಮ ಉಪ್ಪಾಗೆ, ಮೂರೂ ಒಂದೇ ಮರದ್ದು. 1969ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಲೋವೆನ್‌ಸ್ಟೀನ್ ತಂಡ ಈ ಮೈನಸ್ ರೂಪ ಎಟಿಪಿ ಸಿಟ್ರೇಟ್ ಲೈಯೇಸನ್ನು ಬಲವಾಗಿ ತಡೆಯುತ್ತದೆ ಎಂದು ತೋರಿಸಿತು. 2017ರಲ್ಲಿ ಕ್ಯಾಲ್ಗರಿಯವರು ಮಾನವ ಕಿಣ್ವಕ್ಕೆ ಈ ಆಮ್ಲ ಅಂಟಿಕೊಂಡ ಸ್ಫಟಿಕ ರಚನೆ ಪ್ರಕಟಿಸಿದರು, ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿದೆ. ಯಾವುದನ್ನು ಹಿಡಿಯಲಿ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಡಾಕಿಂಗ್ ಅಂಕದಲ್ಲಿಲ್ಲ, ಆ ರಚನೆಯಲ್ಲಿದೆ. 2ಎಸ್,3ಎಸ್. ಆ ಫೈಲ್ ಇಳಿಸಿಕೊಂಡು ಹೆಚ್ಚುವರಿ ಹೈಡ್ರಾಕ್ಸಿಲ್ ಯಾವ ಕಡೆ ಮುಖ ಮಾಡಿದೆ, ಕಿಣ್ವದ ಯಾವ ಗುಂಪಿಗೆ ಕೈ ಚಾಚಿದೆ ಎಂದು ಕಣ್ಣಾರೆ ನೋಡಿ. ಅದೇ ಜಾಗದಲ್ಲಿ ಪುಂಡಿಯ ರೂಪವನ್ನು ಇಟ್ಟು ನೋಡಿ.

ಇನ್ನು ಅಂಕದ ವಿಷಯ. ದಯವಿಟ್ಟು ಇದನ್ನು ನಿಮ್ಮ ಗೈಡ್‌ಗೂ ತೋರಿಸಿ. ಆಟೋಡಾಕ್ ವಿನಾ ಎಂಬ ಡಾಕಿಂಗ್ ತಂತ್ರಾಂಶ ಮಾಡಿದವರೇ ತಮ್ಮ ಪ್ರಬಂಧದಲ್ಲಿ ಅದರ ಊಹೆಯ ದೋಷ ಸುಮಾರು 2.85 ಕಿಲೋಕ್ಯಾಲರಿ ಎಂದು ಬರೆದಿದ್ದಾರೆ. ಕೋಣೆಯ ಉಷ್ಣತೆಯಲ್ಲಿ ಅಂಟುವಿಕೆ ಹತ್ತು ಪಟ್ಟು ಹೆಚ್ಚಾದರೆ ಶಕ್ತಿಯಲ್ಲಿ ವ್ಯತ್ಯಾಸ ಸುಮಾರು 1.4 ಕಿಲೋಕ್ಯಾಲರಿ, ನೂರು ಪಟ್ಟಿಗೆ 2.7. ಲೆಕ್ಕ ಹಾಕಿ ನೋಡಿ. ಒಂದು ಕೈ ಇನ್ನೊಂದಕ್ಕಿಂತ ನೂರು ಪಟ್ಟು ಬಲವಾಗಿದ್ದರೂ, ಅಂಥ ಔಷಧವನ್ನು ಯಾರಾದರೂ ಎರಡು ಕೈಯಲ್ಲಿ ಬಾಚಿಕೊಳ್ಳುತ್ತಾರೆ, ಆ ವ್ಯತ್ಯಾಸ ತಂತ್ರಾಂಶದ ದೋಷದೊಳಗೇ ಮುಳುಗಿಹೋಗಬಹುದು. ಅರ್ಧ ಕಿಲೋಕ್ಯಾಲರಿ ನೋಡಿ ರೂಪ ಆರಿಸುವುದು ತೂಗಾಡುವ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ.

ಹಾಗೆಂದು ಡಾಕಿಂಗ್ ಬಿಡಬೇಡಿ. ಅದು ಕೂರಿಸಿದ ಭಂಗಿ ಸ್ಫಟಿಕದ ಭಂಗಿಗೆ ಹೊಂದುತ್ತದೆಯೇ ಎಂದು ನೋಡಲು ಬಳಸಿ. ಭಂಗಿಯ ವಿಷಯದಲ್ಲಿ ಅದರ ಮಾತು ಅಂಕದ ವಿಷಯಕ್ಕಿಂತ ನಂಬಬಹುದಾದದ್ದು.

ಹಳ್ಳಿಮದ್ದು · ಬುಧವಾರ ಬೆಳಿಗ್ಗೆ 8:00

ಎಲ್ಲವನ್ನೂ ಓದಿದೆ. ಆದರೆ ಉಪ್ಪಾಗೆ ಕ್ಯಾಪ್ಸೂಲ್ ತೂಕ ಇಳಿಸಲು ಎಂದು ಅಂಗಡಿಯಲ್ಲೇ ಸಿಗುತ್ತದಲ್ಲ? ಜನ ಬಳಸುತ್ತಲೇ ಇದ್ದಾರೆ. ಸರಿಯಾದ ಕೈಯದ್ದೇ ಪ್ರಕೃತಿ ಮಾಡಿ ಕೊಟ್ಟಿರುವಾಗ ಇಷ್ಟೆಲ್ಲ ಹುಡುಕಾಟ ಯಾಕೆ ಎಂದು ನಿಜವಾಗಿಯೂ ತಿಳಿಯಬೇಕಿತ್ತು.

ಫಾರ್ಮಸಿಮೇಷ್ಟ್ರು · ಬುಧವಾರ ಬೆಳಿಗ್ಗೆ 9:30

ಒಳ್ಳೆಯ ಪ್ರಶ್ನೆ. ಕೈ ಸರಿ ಇದ್ದರೆ ಕಿಣ್ವಕ್ಕೆ ಅಂಟುತ್ತದೆ, ಅಲ್ಲಿಗೆ ಅದು ಔಷಧವಾಗಲಿಲ್ಲ. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಪರೀಕ್ಷೆ ಪ್ರಕಟವಾಯಿತು. ತೂಕ ಹೆಚ್ಚಿದ್ದ 135 ಜನ, 12 ವಾರ, ದಿನಕ್ಕೆ 1,500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಅದನ್ನು ತೆಗೆದುಕೊಂಡವರು ಸರಾಸರಿ 3.2 ಕಿಲೋ ಇಳಿದರು. ಹುಸಿ ಗುಳಿಗೆ ನುಂಗಿದವರು 4.1 ಕಿಲೋ ಇಳಿದರು. ಗಣನೀಯ ವ್ಯತ್ಯಾಸವೇ ಇಲ್ಲ, ಎರಡೂ ಗುಂಪಿನವರು ಪಥ್ಯದಲ್ಲಿದ್ದರು. ಮೂರು ಕಾರ್ಬಾಕ್ಸಿಲ್ ಹೊತ್ತ ಆಮ್ಲ ಜೀವಕೋಶದ ಜಿಡ್ಡಿನ ಪೊರೆ ದಾಟಿ ಒಳಗೆ ಹೋಗುವುದೇ ಕಷ್ಟ. ಇಂಥ ಕ್ಯಾಪ್ಸೂಲ್ ತಿಂದು ಪಿತ್ತಜನಕಾಂಗ ಕೆಟ್ಟ ಪ್ರಕರಣಗಳೂ ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಸಾರಿಗೆ ಹಾಕುವ ಒಂದು ಎಸಳು ಉಪ್ಪಾಗೆ ಬೇರೆ, ದಿನವೂ ನುಂಗುವ ಸಾಂದ್ರ ಸತ್ವ ಬೇರೆ. ಮನೆಯಲ್ಲಿ ಯಾರಾದರೂ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ.

ದೂರದಕುಮಟಾ · ಬುಧವಾರ ಬೆಳಿಗ್ಗೆ 10:05

ಇದಕ್ಕೊಂದು ಮುಂದುವರಿಕೆ ಇದೆ. ಅದೇ ಕಿಣ್ವವನ್ನು ತಡೆಯುವ ಬೆಂಪೆಡೋಯಿಕ್ ಆಮ್ಲ ಕೊಲೆಸ್ಟೆರಾಲ್ ಇಳಿಸುವ ಮಾತ್ರೆಯಾಗಿ 2020ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಅದರ ರಚನೆ ಬರೆದು ನೋಡಿ. ನಡುವೆ ಒಂದು ಹೈಡ್ರಾಕ್ಸಿಲ್, ಎರಡೂ ಕಡೆ ಸರಿಸಮ ಉದ್ದದ ಸರಪಳಿ, ಎರಡೂ ತುದಿ ಒಂದೇ ಥರ. ಕೈಯೇ ಇಲ್ಲದ ಅಣು! ಜಿಡ್ಡಿನ ಸರಪಳಿ ಇರುವುದರಿಂದ ಪೊರೆಯ ತೊಂದರೆಯಿಲ್ಲ, ಪಿತ್ತಜನಕಾಂಗದ ಒಂದು ಕಿಣ್ವ ಅದನ್ನು ಚುರುಕು ರೂಪಕ್ಕೆ ತಿರುಗಿಸುತ್ತದೆ. ಸ್ನಾಯುವಿನಲ್ಲಿ ಆ ಕಿಣ್ವ ಇಲ್ಲದ್ದರಿಂದ ಅಲ್ಲಿ ಅದು ಸುಮ್ಮನಿರುತ್ತದೆ.

ಶಿರಸಿಮಳೆ · ಬುಧವಾರ ಮಧ್ಯಾಹ್ನ 2:10

ಇದನ್ನು ಓದಿ ಒಂದು ಗಳಿಗೆ ಕೈ ಕಾಲು ತಣ್ಣಗಾಯಿತು. ಗೆದ್ದ ಔಷಧಕ್ಕೇ ಕೈ ಇಲ್ಲ ಅಂದ ಮೇಲೆ ಕೈರಲ್ ಅಣುಗಳನ್ನೇ ಹುಡುಕುವ ನನ್ನ ಪ್ರಾಜೆಕ್ಟ್ ಏನಾಗಬೇಕು?

ಪೋಲಾರಿಮೀಟರ್ · ಬುಧವಾರ ಸಂಜೆ 7:30

ಏನೂ ಆಗಬೇಕಿಲ್ಲ. ಉಪ್ಪಾಗೆಯ ಹುಳಿ ಐದು ದಶಕ ಪ್ರಯೋಗಾಲಯಗಳಲ್ಲಿ ಈ ಕಿಣ್ವವನ್ನು ಅರಿಯುವ ಉಪಕರಣವಾಗಿತ್ತು. ಆ ಕಿಣ್ವ ತಡೆದರೆ ಏನಾಗುತ್ತದೆ ಎಂದು ಲೋಕಕ್ಕೆ ಗೊತ್ತಾದದ್ದರಲ್ಲಿ ಅದರ ಪಾಲು ದೊಡ್ಡದು. ಬೇರೆ ದಾರಿಯೂ ತೆರೆದಿದೆ. 2016ರಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ತಂಡ ಹೈಡ್ರಾಕ್ಸಿಸಿಟ್ರೇಟ್ ಮೂತ್ರಪಿಂಡದ ಕಲ್ಲಿನ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳನ್ನು ಬೆಳೆಯದಂತೆ ತಡೆಯುವುದಲ್ಲದೆ ಕೆಲವು ಸ್ಥಿತಿಗಳಲ್ಲಿ ಕರಗಿಸುವುದನ್ನೂ ನೇಚರ್ ಪತ್ರಿಕೆಯಲ್ಲಿ ತೋರಿಸಿತು. ಅಲ್ಲಿ ಪೊರೆ ದಾಟಬೇಕಿಲ್ಲ.

ನಾನಾದರೆ ಕೈರಲ್ ಎಂಬುದನ್ನು ಜರಡಿಯಾಗಿ ಬಳಸುವುದಿಲ್ಲ. ಕೈ ಇದ್ದರೆ ಮಾತ್ರ ಒಳಗೆ ಎಂದು ಸೋಸಬೇಡಿ, ಕೈ ಇದ್ದರೆ ಅದು ಯಾವುದು ಎಂದು ತಿಳಿಯದೆ ಒಳಗೆ ಬಿಡಬೇಡಿ.

ಕೋಡ್‌ಕಡ್ಡಿ · ಬುಧವಾರ ಸಂಜೆ 7:48

ಇದರಲ್ಲಿ ನನಗೆ ಅರ್ಧ ಭಿನ್ನಾಭಿಪ್ರಾಯ. ದೊಡ್ಡ ಪಟ್ಟಿಯಲ್ಲಿ ಕೈ ಗೊತ್ತಿಲ್ಲದ ದಾಖಲೆಗಳನ್ನೆಲ್ಲ ಎಸೆದರೆ ಒಳ್ಳೆಯ ಅಣುಗಳೂ ಹೋಗುತ್ತವೆ. ನಾನು ಅವನ್ನು ಬೇರೆ ಫೈಲಿಗೆ ಹಾಕಿ, ಕೇಂದ್ರಗಳು ಮೂರಕ್ಕಿಂತ ಹೆಚ್ಚಿಲ್ಲದಿದ್ದರೆ ಎಲ್ಲ ರೂಪ ಬಿಡಿಸುತ್ತೇನೆ, ಮೂರಕ್ಕೆ ಎಂಟೇ ಆಗುತ್ತದೆ. ಹತ್ತು ಕೇಂದ್ರವಾದರೆ 1,024, ಅಲ್ಲಿ ಬಿಡಿಸುವುದರಲ್ಲಿ ಅರ್ಥವಿಲ್ಲ, ಗಿಡದ ಮೂಲ ಪ್ರಬಂಧವನ್ನೇ ಹುಡುಕಬೇಕು.

ಪೋಲಾರಿಮೀಟರ್ · ಬುಧವಾರ ಸಂಜೆ 7:55

ಬೇರೆ ಫೈಲು ಎಂದರೆ ಒಪ್ಪಿಗೆ. ಒಂದೇ ಪಟ್ಟಿಯಲ್ಲಿ ಬೆರೆಸುವುದಕ್ಕಷ್ಟೇ ನನ್ನ ವಿರೋಧ.

ಶಿರಸಿಮಳೆ · ಶನಿವಾರ ರಾತ್ರಿ 9:15

ಗೈಡ್ ಹತ್ತಿರ ಎಲ್ಲವನ್ನೂ ತೋರಿಸಿದೆ. 2.85 ಮತ್ತು 2.7 ಎರಡನ್ನೂ ಪಕ್ಕಪಕ್ಕ ಬರೆದು ತೋರಿಸಿದ ಮೇಲೆ ಸುಮ್ಮನೆ ಸ್ವಲ್ಪ ಹೊತ್ತು ನೋಡಿದರು. ಅಂಕದಿಂದ ಆರಿಸುವುದು ಬೇಡ, ಸ್ಫಟಿಕದ ಭಂಗಿಗೆ ಹೋಲಿಸಿ ಬರೆ ಎಂದರು.

ಪಟ್ಟಿಗೆ ನಾಲ್ಕು ಕಾಲಂ ಸೇರಿಸಿದ್ದೇನೆ: ಯಾವ ಗಿಡ, ಯಾವ ಭಾಗ, ಕೈ ಬರೆದಿದೆಯೇ, ಅಳೆದವರು ಹೇಗೆ ಅಳೆದರು. ನಾಲ್ಕನೆಯ ಕಾಲಂ ತುಂಬುವುದೇ ಅತಿ ನಿಧಾನ, ಒಂದೊಂದು ಅಣುವಿಗೂ ಹಳೆಯ ಪ್ರಬಂಧ ತೆರೆಯಬೇಕು. ನಿನ್ನೆ ಇಡೀ ದಿನದಲ್ಲಿ ಆರೇ ಅಣು ಮುಗಿದದ್ದು.

ಈ ಸಲದ ಸಿಪ್ಪೆ ಮನೆಯ ಅಟ್ಟದಲ್ಲಿದೆ. ಅಮ್ಮನಿಗೆ ಹೇಳಿ ಅರ್ಧ ಕಿಲೋ ತರಿಸಿಕೊಳ್ಳುತ್ತೇನೆ, ನಮ್ಮ ವಿಭಾಗದ ಪೋಲಾರಿಮೀಟರ್ ಕೆಲಸ ಮಾಡುತ್ತಿದೆ. ಆಮ್ಲ ಬೇರ್ಪಡಿಸಿ ತಿರುವು ಅಳೆಯಬೇಕೆಂದಿದ್ದೇನೆ.

ಪೋಲಾರಿಮೀಟರ್ · ಶನಿವಾರ ರಾತ್ರಿ 9:40

ಬಹಳ ಸಂತೋಷ. ತೆರೆದ ಆಮ್ಲದ ತಿರುವು ಬೇರೆ, ಲ್ಯಾಕ್ಟೋನಿನದು ಬೇರೆ. ಯಾವ ರೂಪ, ಯಾವ ದ್ರಾವಕ, ಎಷ್ಟು ಸಾಂದ್ರತೆ, ಎಷ್ಟು ಉಷ್ಣತೆ, ನಾಲ್ಕನ್ನೂ ಓದಿದ ಅಂಕೆಯ ಪಕ್ಕದಲ್ಲೇ ಬರೆಯಿರಿ. ದ್ರಾವಣ ಇಟ್ಟಷ್ಟು ಹೊತ್ತು ಒಂದು ಇನ್ನೊಂದಾಗುತ್ತಾ ಹೋಗುತ್ತದೆ, ಸಮಯವನ್ನೂ ಬರೆಯಿರಿ.

ಕಲಬುರಗಿಕೆಮಿಸ್ಟ್ · ಶನಿವಾರ ರಾತ್ರಿ 10:05

ಅಕ್ಕಾರ, ಒಂದೇ ಹುಳಿ ಅಳದ್ರ ಹೋಲಸೋದು ಯಾತಕ್ಕ? ನಮ್ಮ ಹಿತ್ತಲದಾಗ ಕೆಂಪು ಪುಂಡಿ ಐತಿ, ಹೂಪುಟ ನೆರಳಾಗ ಒಣಗಸಾಕ ಹಾಕೀನಿ. ಕಾಲೇಜಿನ ವಿಳಾಸ ಖಾಸಗಿ ಸಂದೇಶದಾಗ ಕಳಸ್ರಿ, ಸೋಮವಾರ ಪಾರ್ಸಲ್ ಮಾಡ್ತೀನಿ.